ಬೆಳ್ಳಿಹೂ ಶಾಲೆಯ ಅತ್ಯುತ್ತಮ ಸಮಸ್ಯೆ

ವಿಶ್ವಶಾಂತಿಯನ್ನು ಕಾಫಿ ಕೊಯ್ಲು ಮುಗಿದ ನಂತರ ಮತ್ತು ಗಿಡದ ಮೊಗ್ಗು ಅರಳಿಸುವ ಹೂಮಳೆ ಬೀಳುವುದಕ್ಕೆ ಮೊದಲು ಸ್ಥಾಪಿಸತಕ್ಕದ್ದು ಎಂದು ಗೋಣಿಬೀಡಿನ ಬೆಳ್ಳಿಹೂ ವಿದ್ಯಾಮಂದಿರದ ಆಡಳಿತ ಮಂಡಳಿ ತೀರ್ಮಾನಿಸಿದೆ. ಅದಕ್ಕಿಂತ ಮುಂಚೆ ಸ್ಥಾಪಿಸಿದರೆ ಜನ ಸಿಗುವುದಿಲ್ಲ, ಎಲ್ಲರೂ ಕಣದಲ್ಲಿ ಕಾಫಿ ಒಣಗಿಸುತ್ತಿರುತ್ತಾರೆ. ತಡವಾದರೆ ಮಳೆ ಬಂದು ಶಾಮಿಯಾನ ಸೋರುತ್ತದೆ. ಆದ್ದರಿಂದ ಪ್ರತಿ ವರ್ಷ ಈ ಎರಡರ ನಡುವೆ ಸಿಕ್ಕುವ ಒಂದು ಶನಿವಾರ ಶಾಲೆಯ ಸಮ್ಮೇಳನದಲ್ಲಿ ಮಕ್ಕಳು ಒಬ್ಬೊಬ್ಬರು ಒಂದೊಂದು ದೇಶವಾಗಿ ಕುಳಿತು, ಭಾಷಣ ಮಾಡಿ, ಮಧ್ಯಾಹ್ನದ ಊಟದೊಳಗೆ ಜಗತ್ತಿನ ಜಗಳಗಳನ್ನೆಲ್ಲ ಮುಗಿಸುತ್ತಾರೆ. ಊಟದ ನಂತರ ಬಹುಮಾನ ವಿತರಣೆ.

ದೇಶಗಳನ್ನು ಹಂಚುವುದಕ್ಕೂ ಒಂದು ಕ್ರಮವಿದೆ. ಮಗುವಿನ ತಂದೆಗೆ ಎಷ್ಟು ತೋಟವಿದೆ ಎಂಬುದನ್ನು ನೋಡಿ ಅದಕ್ಕೆ ತಕ್ಕ ದೇಶ ಕೊಡಲಾಗುತ್ತದೆ. ಅಮೆರಿಕ, ರಷ್ಯಾ ಮೊದಲಾದವು ದೊಡ್ಡ ಎಸ್ಟೇಟುಗಳಿಗೆ. ನಂತರದವರಿಗೆ ಯುರೋಪು. ತೋಟದ ಲೆಕ್ಕ ಬರೆಯುವ ರೈಟರ್‌ಗಳ ಮಕ್ಕಳಿಗೆ ಸಣ್ಣಪುಟ್ಟ ದ್ವೀಪಗಳು. ಆಡಳಿತ ಮಂಡಳಿಯ ಅಧ್ಯಕ್ಷರಾದ ಜಯದೇವಪ್ಪನವರ ಮೊಮ್ಮಗ ದರ್ಶನ್‌ಗೆ ನ್ಯಾಯವಾಗಿ ಅಮೆರಿಕವೇ ಬರಬೇಕಿತ್ತು. ಆದರೆ ಆ ಮನೆಯವರು ಹಿಂದಿನ ರಜೆಯಲ್ಲಿ ಟರ್ಕಿಗೆ ಹೋಗಿ ಬಲೂನಿನಲ್ಲಿ ಕುಳಿತು ಬಂದಿದ್ದರು. ಹಾಗಾಗಿ ಅವರೇ ಕೇಳಿ ಟರ್ಕಿ ತೆಗೆದುಕೊಂಡರು.

ಈ ಕ್ರಮದಲ್ಲಿ ಎಲ್ಲರಿಗಿಂತ ಕಡೆಗೆ ಬಂದವಳು ಏಳನೇ ತರಗತಿಯ ಧನ್ಯಶ್ರೀ. ಅವಳ ತಂದೆ ಶಶಿಕಿರಣ್‌ಗೆ ತೋಟವೇ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಸ್ಪ್ರೇಯರು, ಗೋಣಿಚೀಲ, ಹಗ್ಗ, ಕತ್ತಿ ಮಾರುವ ಅಂಗಡಿ ಇತ್ತು. ಅವಳ ಸರದಿ ಬರುವಷ್ಟರಲ್ಲಿ ದೇಶಗಳು ಖಾಲಿಯಾಗಿದ್ದವು. ಮುಖ್ಯೋಪಾಧ್ಯಾಯರಾದ ಉಮೇಶ್ ಸರ್ ಮೃದು ಮನಸ್ಸಿನವರು. ಮಗುವಿಗೆ ಬೇಜಾರಾಗಬಾರದೆಂದು ಮೇಜಿನ ಮೇಲಿದ್ದ ಪೇಪರ್ ನೋಡಿ, ಅಲ್ಲಿ ಕಂಡ ಒಂದು ಹೆಸರನ್ನು ಓದಿದರು: ಕುರ್ದರು. ಅದು ದೇಶವೆಂದೇ ಅವರು ತಿಳಿದಿದ್ದರು. ಕೋಟಿಗಟ್ಟಲೆ ಜನ ಇದ್ದಾರೆ, ಭಾಷೆ ಇದೆ, ಹಬ್ಬ ಇದೆ, ಬಾವುಟವೂ ಇದೆ ಎಂದ ಮೇಲೆ ದೇಶ ಇಲ್ಲದೆ ಇರಲಿಕ್ಕಿಲ್ಲ ಎಂಬುದು ಅವರ ಲೆಕ್ಕ. ವಿದ್ಯಾವಂತರೂ ಒಮ್ಮೊಮ್ಮೆ ಹೀಗೆ ತಪ್ಪು ಮಾಡುತ್ತಾರೆ.

ಧನ್ಯಶ್ರೀಯ ತಾಯಿ ರಜನಿ ಅಂಗಡಿಯ ಗಲ್ಲಾದಲ್ಲಿ ಕೂರುವವಳು. ಅಲ್ಲಿ ಮಾರುವ ಕತ್ತಿಗಳಿಗೆ ಆಗಾಗ ಸಾಣೆ ಬೇಕಾಗುತ್ತಿತ್ತು, ಅವಳ ನಾಲಿಗೆಗೆ ಬೇಕಾಗುತ್ತಿರಲಿಲ್ಲ. ಮಗಳು ಬಂದು ಹೇಳಿದ ದಿನವೇ ಅವಳು ಫೋನು ಹಿಡಿದು, ಗಿರಾಕಿಗಳ ಮಧ್ಯೆ ಮಧ್ಯೆ ಓದುತ್ತ, ಕುರ್ದರ ವಿಷಯವನ್ನೆಲ್ಲ ತಿಳಿದುಕೊಂಡಳು. ಓದುತ್ತ ಓದುತ್ತ ಅವಳಿಗೆ ಯಾರೋ ತನ್ನದೇ ಕೇರಿಯವರ ವಿಷಯ ಬರೆದ ಹಾಗೆ ಅನ್ನಿಸತೊಡಗಿತು. ಸಂಜೆ ಹೊತ್ತಿಗೆ ಭಾಷಣ ಸಿದ್ಧವಾಗಿತ್ತು. ಅದು ಹೀಗೆ ಶುರುವಾಗುತ್ತಿತ್ತು:

"ಮಾನ್ಯರೇ, ಮೊದಲನೆಯದಾಗಿ ನಾವು ಇದ್ದೇವೆ. ನಮಗೊಂದು ನಾಡು ಆಗಬಹುದು ಎಂದು ದೊಡ್ಡವರು ಒಮ್ಮೆ ಒಪ್ಪಂದ ಬರೆದರು. ಕೆಲವೇ ವರ್ಷಗಳಲ್ಲಿ ಇನ್ನೊಂದು ಒಪ್ಪಂದ ಬರೆದರು. ಅದರಲ್ಲಿ ನಮ್ಮ ಹೆಸರೇ ಇರಲಿಲ್ಲ. ನಾವು ಮಾತ್ರ ಇದ್ದ ಜಾಗದಲ್ಲೇ ಇದ್ದೆವು."

"ಅಮ್ಮಾ, ಇದು ಚೆನ್ನಾಗಿದೆ," ಎಂದಳು ಧನ್ಯಶ್ರೀ. ರೊಟ್ಟಿ ತಟ್ಟುವಾಗ, ಕೂದಲು ಬಾಚುವಾಗ, ಬಸ್ಸಿಗೆ ಕಾಯುವಾಗ ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡಳು. ಮೈಕಿನ ಮುಂದೆ ನಿಂತು ಮಗಳು ಇದನ್ನು ಹೇಳುವುದನ್ನು ಒಂದು ಸಲ ಕೇಳಿಬಿಡಬೇಕು ಎಂಬುದಷ್ಟೇ ರಜನಿಯ ಆಸೆ.

ಸಮ್ಮೇಳನದ ಪೂರ್ವಭಾವಿ ಸಭೆಯಲ್ಲಿ ಪೋಷಕರೂ ಇದ್ದರು. ಜಯದೇವಪ್ಪನವರು ಕನ್ನಡಕ ಹಾಕಿಕೊಂಡು ಗೋಡೆಯ ಭೂಪಟದ ಹತ್ತಿರ ಹೋದರು, ಬಂದರು.

"ಮೇಷ್ಟ್ರೇ, ಈ ಕುರ್ದರದ್ದು ಎಲ್ಲಿ ಬರ್ತದೆ?"

"ಟರ್ಕಿ, ಇರಾನು, ಇರಾಕು, ಸಿರಿಯಾ, ಈ ನಾಲ್ಕರ ಒಳಗೆ ಹಂಚಿಹೋಗಿದೆ ಸಾರ್. ಬೆಟ್ಟದ ಸೀಮೆ. ನನಗೂ ಆಮೇಲೆ ಗೊತ್ತಾಯ್ತು."

"ಎಷ್ಟು ಎಕರೆ?"

"ಎಕರೆ ಲೆಕ್ಕ ಗೊತ್ತಿಲ್ಲ ಸಾರ್. ದೊಡ್ಡದೇ."

"ಹಕ್ಕುಪತ್ರ ಇದೆಯಾ?"

"ಪತ್ರ ಇಲ್ಲ. ಆದ್ರೆ ತಲೆಮಾರುಗಳಿಂದ ಅಲ್ಲೇ ಇದ್ದಾರೆ."

ಇರಾನ್ ಸಿಕ್ಕಿದ್ದ ಹುಡುಗನ ತಂದೆ ಪರಮೇಶ್ವರಪ್ಪನವರು ಕುಳಿತಲ್ಲಿಂದಲೇ ನಕ್ಕರು. "ಪತ್ರ ಇಲ್ದೆ ಗುಡ್ಡದಲ್ಲಿ ಕೂತಿರೋದಕ್ಕೆ ನಮ್ಮ ಕಡೆ ಒಂದು ಹೆಸರಿದೆಯಲ್ಲ ಮಾರಾಯ್ರೇ. ಒತ್ತುವರಿ."

ಸಭೆಯಲ್ಲಿ ಹಲವರು ನೀರಿನ ಲೋಟಕ್ಕೆ ಕೈ ಹಾಕಿದರು. ಅಲ್ಲಿ ಕುಳಿತಿದ್ದವರಲ್ಲಿ ಗುಡ್ಡದ ಕಡೆಗೆ ಬೇಲಿ ಸರಿಸದವರು ಯಾರೂ ಇರಲಿಲ್ಲ. ಪರಮೇಶ್ವರಪ್ಪನವರೂ ತಮ್ಮ ಮಾತು ತಮಗೇ ಕೇಳಿಸಿದ ಮೇಲೆ ಮೇಜಿನ ಮೇಲಿದ್ದ ನೀರು ಕುಡಿದರು.

"ಹಾಗಾದ್ರೆ ಇಲ್ಲಿರೋರಲ್ಲಿ ಮುಕ್ಕಾಲು ಜನ ಕುರ್ದರೇ ಅಲ್ವಾ ಸಾವ್ಕಾರ್ರೇ?" ಎಂದಳು ರಜನಿ.

ಶಶಿಕಿರಣ್ ಹೆಂಡತಿಯ ಸೆರಗು ಜಗ್ಗಿದ. ಆ ಮುಕ್ಕಾಲು ಜನವೂ ಅವನ ಅಂಗಡಿಯ ಗಿರಾಕಿಗಳು. ಒತ್ತುವರಿ ಎಂಬ ಸದರಿ ಪದವನ್ನು ಸಮ್ಮೇಳನದಲ್ಲಿ ಯಾವ ದೇಶವೂ ಬಳಸತಕ್ಕದ್ದಲ್ಲ ಎಂದು ಸಭೆ ಸರ್ವಾನುಮತದಿಂದ ಒಪ್ಪಿತು.

ಆಮೇಲೆ ಜಯದೇವಪ್ಪನವರು ಪರಿಹಾರ ಸೂಚಿಸಿದರು. ಅವರು ಬಹಳ ವರ್ಷ ತೋಟ ಮಾಡಿದವರು, ತೋಟದಲ್ಲಿ ಇಲ್ಲದ ಸಮಸ್ಯೆ ಜಗತ್ತಿನಲ್ಲಿ ಇರಲಾರದು ಎಂದು ನಂಬಿದವರು.

"ನೋಡಿ, ಬೇಲಿ ಸಾಲಿನ ಸಿಲ್ವರ್ ಓಕ್ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿದ್ರೆ ನಾವು ಏನ್ಮಾಡ್ತೀವಿ? ನಮ್ಮ ಕಡೆ ಮುಖದ್ದು ನಾವು ಕೊಯ್ತೀವಿ. ಆ ಕಡೆ ಮುಖದ್ದು ಆ ತೋಟದವ್ರು ಕೊಯ್ತಾರೆ. ನಮ್ಮ ಅಪ್ಪನ ಕಾಲದಿಂದ ಹೀಗೇ. ಒಂದು ದಿನ ಗಲಾಟೆ ಆಗಿದೆಯಾ? ಇದಕ್ಕೂ ಅದನ್ನೇ ಮಾಡಿ."

"ಬಳ್ಳಿನ ಯಾರಾದ್ರೂ ಕೇಳಿದ್ದೀರಾ?" ಎಂದಳು ರಜನಿ.

"ಬಳ್ಳಿ ಎಂತ ಹೇಳ್ತದಮ್ಮಾ," ಎಂದರು ಜಯದೇವಪ್ಪನವರು ಬೇಸರವಿಲ್ಲದೆ. "ಅದರಷ್ಟು ಶಾಂತಿಯಿಂದ ಇರೋದು ಇನ್ನೊಂದಿಲ್ಲ."

ಮಾರನೆಯ ದಿನ ಸೂಚನಾ ಫಲಕದಲ್ಲಿ ಪ್ರಕಟಣೆ ಬಂತು.

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಾಡಿಲ್ಲದ ಪ್ರತಿನಿಧಿಗೆ ನಾಮಫಲಕ ಇರುವುದಿಲ್ಲ. ಕುರ್ಚಿಗಳನ್ನು ನಾಮಫಲಕದ ಹಿಂದೆ ಇಡಲಾಗುವುದರಿಂದ ಕುರ್ಚಿಯೂ ಇರುವುದಿಲ್ಲ. ಮೈಕನ್ನು ಕುಳಿತಿರುವವರಿಗೆ ಮಾತ್ರ ಕೊಡಲಾಗುವುದು. ಆದಾಗ್ಯೂ ಹಾಜರಾತಿ ಕಡ್ಡಾಯ. ಸದರಿ ಪ್ರತಿನಿಧಿಯು ಮಾತಾಡಲು ಇಚ್ಛಿಸಿದಲ್ಲಿ ನಾಲ್ಕೂ ನೆರೆದೇಶಗಳ ಒಪ್ಪಿಗೆ ಪಡೆಯತಕ್ಕದ್ದು. ಈ ನಿಯಮವನ್ನು ಬದಲಾಯಿಸುವುದಕ್ಕೂ ನಾಲ್ಕೂ ನೆರೆದೇಶಗಳ ಒಪ್ಪಿಗೆ ಬೇಕು. ಎಲ್ಲರಿಗೂ ಸಮಾನ ಅವಕಾಶವಿದೆ."

ಸಮ್ಮೇಳನದ ದಿನ ಧನ್ಯಶ್ರೀ ಹೊಸ ಲಂಗ ಉಟ್ಟು, ಟರ್ಕಿ, ಇರಾನು, ಇರಾಕು, ಸಿರಿಯಾಗಳ ಮೇಜುಗಳು ಕೂಡುವ ಮೂಲೆಯಲ್ಲಿ ನಿಂತಳು. ಸ್ವಯಂಸೇವಕರು ಅವಳನ್ನು ಮೊದಲು ನೀರು ಕೊಡುವವಳು ಎಂದುಕೊಂಡರು. ಜಪಾನು "ಕೊನ್ನಿಚಿವಾ" ಎಂದು ಕೈ ಮುಗಿದಾಗ ಚಪ್ಪಾಳೆ ಬಿತ್ತು. ಧನ್ಯಶ್ರೀಯೂ ತಾನು ಕಲಿತ "ಸಿಲಾವ್" ಎಂಬ ನಮಸ್ಕಾರವನ್ನು ನಿಂತಲ್ಲಿಂದ ಹೇಳಿದಳು. ಸದ್ದು ಮಾಡಬಾರದು ಎಂದು ಉಮೇಶ್ ಸರ್ ಪ್ರೀತಿಯಿಂದ ಸನ್ನೆ ಮಾಡಿದರು.

ಅವಳು ಕೈ ಎತ್ತಿದಾಗ ನಿಯಮದಂತೆ ನಾಲ್ಕು ದೇಶಗಳನ್ನು ಕೇಳಲಾಯಿತು. ದರ್ಶನ್ ಅಜ್ಜನ ಮುಖ ನೋಡಿ, "ನಮ್ಮಲ್ಲಿ ಅಂಥವರು ಯಾರೂ ಇಲ್ಲ, ಇರೋರು ಬೆಟ್ಟದ ಟರ್ಕಿಯವರು," ಎಂದು ಬರೆದುಕೊಂಡು ಬಂದದ್ದನ್ನು ಓದಿದ. ಇರಾನು, ಎಲ್ಲರೂ ನಮ್ಮವರೇ, ಬೇರೆ ಮಾತಾಡುವ ಅಗತ್ಯವಿಲ್ಲ ಎಂದಿತು. ಇರಾಕಾಗಿದ್ದ, ಸಂಸೆ ಊರಿನ ಹುಡುಗಿ ಮೊದಲು ಒಪ್ಪಿಕೊಂಡು, ಉಳಿದವರ ಮುಖ ನೋಡಿ, ಆಮೇಲೆ ಹೇಳುತ್ತೇನೆ ಎಂದಳು. ಸಿರಿಯಾ, ಕುರ್ದರ ಗುರುತಿನ ಚೀಟಿ ಇದ್ದರೆ ತೋರಿಸಲಿ, ಆ ಚೀಟಿ ಕೊಡಬೇಕಾದವರು ನಾವೇ, ನಾವು ಕೊಟ್ಟಿಲ್ಲ ಎಂದಿತು. ಪ್ರೇಕ್ಷಕರು ಮೆಚ್ಚಿಕೊಂಡರು. ಧನ್ಯಶ್ರೀ ಎತ್ತಿದ ಕೈಯನ್ನು ಇಳಿಸಿ ಜಡೆ ಸರಿ ಮಾಡಿಕೊಂಡಳು.

ಸಮ್ಮೇಳನದಲ್ಲಿ ನಿಜವಾದ ಜಗಳ ಆದದ್ದು ಊಟದ ಹೊತ್ತಿಗೆ. ಪ್ರತಿ ದೇಶವೂ ಮನೆಯಿಂದ ಒಂದು ತಿಂಡಿ ತರಬೇಕಿತ್ತು. ರಜನಿ ಫೋನಿನಲ್ಲಿ ನೋಡಿಕೊಂಡು, ಕೋಸಿನ ಎಲೆಯೊಳಗೆ ಅನ್ನ, ಈರುಳ್ಳಿ, ಪುದೀನ ತುಂಬಿ, ಸುತ್ತಿ, ಬೇಯಿಸಿ ಒಂದು ಪಾತ್ರೆ ದೋಲ್ಮಾ ತಂದಿದ್ದಳು. ಟರ್ಕಿಯ ಮನೆಯವರು ತಂದಿದ್ದು ಬೇಕರಿಯ ಕೇಕು. ದೋಲ್ಮಾದ ವಾಸನೆ ಬಂದದ್ದೇ ತಡ, ದರ್ಶನ್‌ನ ತಾಯಿ, "ಇದು ಟರ್ಕಿದು, ನಾವು ಅಲ್ಲೇ ತಿಂದಿದ್ದೀವಿ," ಎಂದರು. ಇರಾನಿನವರು ಅದು ತಮ್ಮದೆಂದರು. ಇರಾಕು, ಸಿರಿಯಾಗಳೂ ತಟ್ಟೆ ಹಿಡಿದು ಬಂದವು. ದೊಡ್ಡವರ ದನಿ ಏರಿತು. ಹಳೆಯ ಬೇಲಿ, ಹಳೆಯ ಜೀಪ್ ರಸ್ತೆ, ಯಾವಾಗಲೋ ಕಡಿದ ಮರ ಎಲ್ಲ ಹೊರಗೆ ಬಂದವು. ಬೇರೆ ಏನನ್ನೂ ಒಪ್ಪದ ನಾಲ್ಕು ದೇಶಗಳು ಒಂದೇ ಒಂದು ವಿಷಯವನ್ನು ಒಪ್ಪಿಕೊಂಡವು: ದೋಲ್ಮಾ ಅದನ್ನು ತಂದವರದ್ದಲ್ಲ.

ಕೊನೆಗೆ ಗಡಿಮರದ ಮೆಣಸಿನ ನಿಯಮದಂತೆ ಪಾತ್ರೆಯ ಯಾವ ಬದಿ ಯಾರ ಮೇಜಿನ ಕಡೆಗಿತ್ತೋ ಆ ಬದಿಯನ್ನು ಅವರು ತೆಗೆದುಕೊಂಡರು.

"ಪಾತ್ರೆ ನಂದು ಅಂತ ಯಾರಿಗಾದ್ರೂ ನೆನಪಿದೆಯಾ, ಅದೂ ಹಂಚಿದ್ರಾ?" ಎಂದು ರಜನಿ ಕೇಳಿದಳು. ತಕ್ಷಣ ಖಾಲಿ ಪಾತ್ರೆಯನ್ನು ಗೌರವಪೂರ್ವಕವಾಗಿ ಹಿಂತಿರುಗಿಸಲಾಯಿತು.

ಚಿಕ್ಕಮಗಳೂರಿನಿಂದ ಬಂದಿದ್ದ ಮುಖ್ಯ ಅತಿಥಿಗಳು ಬಹಳ ಪ್ರಭಾವಿತರಾದರು. "ನಾನು ಎಷ್ಟೋ ಶಾಲೆಗಳ ಸಮ್ಮೇಳನ ನೋಡಿದ್ದೇನೆ," ಎಂದರು. "ಎಲ್ಲ ಕಡೆ ದೇಶಗಳಿರುತ್ತವೆ. ಇಂಥ ಒಳ್ಳೆಯ ಸಮಸ್ಯೆ ಎಲ್ಲೂ ನೋಡಿಲ್ಲ." ಹೀಗಾಗಿ ಬಹುಮಾನದ ಪಟ್ಟಿಯಲ್ಲಿ ಇಲ್ಲದ ಒಂದು ವಿಭಾಗ ಹುಟ್ಟಿತು. ಟರ್ಕಿಗೆ ಅತ್ಯುತ್ತಮ ದೇಶ ಎಂಬ ಬಹುಮಾನ, ಧನ್ಯಶ್ರೀಗೆ ಅತ್ಯುತ್ತಮ ಸಮಸ್ಯೆ ಎಂಬ ಶೀಲ್ಡು. ಶೀಲ್ಡನ್ನು ಆಯಾ ದೇಶಕ್ಕೆ ಒಯ್ಯುವುದು ಪದ್ಧತಿ. ಒಯ್ಯಲು ದೇಶವಿಲ್ಲದ್ದರಿಂದ ಅದನ್ನು ಶಾಲೆಯ ಗಾಜಿನ ಬೀರುವಿನಲ್ಲಿ ಇಡಲಾಯಿತು. ಪೇಪರಿನಲ್ಲಿ ಫೋಟೋ ಬಂತು. ಅದರಲ್ಲಿ ನಾಲ್ಕು ದೇಶಗಳೂ, ಅವುಗಳ ನಡುವೆ ಶೀಲ್ಡೂ ಇದ್ದವು. ಹಿಂದಿನ ಸಾಲಿನಲ್ಲಿ ಧನ್ಯಶ್ರೀಯ ಜಡೆಯ ರಿಬ್ಬನ್ನು ಸ್ಪಷ್ಟವಾಗಿ ಕಾಣುತ್ತಿತ್ತು.

ಅಷ್ಟರ ಮಟ್ಟಿಗೆ ಆ ವರ್ಷದ ವಿಶ್ವಶಾಂತಿ ಮುಗಿಯಿತು.

ಮರುವರ್ಷ ಒಂದು ಸಣ್ಣ ಬದಲಾವಣೆ ಆಯಿತು. ಅತ್ಯುತ್ತಮ ಸಮಸ್ಯೆಯನ್ನು ಜಿಲ್ಲಾ ಮಟ್ಟದ ಸಮ್ಮೇಳನಕ್ಕೆ ಕಳಿಸುವುದೆಂದು ಸುತ್ತೋಲೆ ಬಂತು. ಅಲ್ಲಿಂದ ರಾಜ್ಯ ಮಟ್ಟಕ್ಕೆ. ಅತ್ಯುತ್ತಮ ದೇಶಕ್ಕೆ ಸ್ಥಳದಲ್ಲೇ ಒಂದು ಸ್ಟೀಲ್ ಡಬ್ಬಿ, ಅಷ್ಟೇ. ದೇಶ ಹಂಚುವ ಸಭೆಯಲ್ಲಿ ಜಯದೇವಪ್ಪನವರು ಗಂಟಲು ಸರಿ ಮಾಡಿಕೊಂಡರು.

"ಮೇಷ್ಟ್ರೇ, ಈ ಸಲ ಕುರ್ದರು ನಮ್ಮ ಮನೆಗೆ ಇರ್ಲಿ."

"ನಾವೂ ಅದನ್ನೇ ಕೇಳೋಣ ಅಂತಿದ್ವಿ," ಎಂದರು ಪರಮೇಶ್ವರಪ್ಪನವರು.

ಇನ್ನೂ ಇಬ್ಬರು ಎಸ್ಟೇಟ್‌ನವರು ಕೈ ಎತ್ತಿದರು. ಅಮೆರಿಕದ ಕಡೆ ಯಾರೂ ತಿರುಗಿ ನೋಡಲಿಲ್ಲ. ಉಮೇಶ್ ಸರ್ ಧರ್ಮಸಂಕಟಕ್ಕೆ ಬಿದ್ದರು.

"ಕುರ್ದರನ್ನ ಹೋದ ಸಲ ಮಾಡಿದ್ದು ನನ್ನ ಮಗಳು ಸರ್," ಎಂದಳು ರಜನಿ. "ಭಾಷಣ ಅವಳಿಗೆ ಇನ್ನೂ ಬಾಯಲ್ಲೇ ಇದೆ. ಹೇಳೋದೊಂದು ಬಾಕಿ."

"ನೋಡಿ ರಜನಿಯವ್ರೇ, ಅರ್ಹತೆ ಅಂತ ಒಂದು ಇರ್ತದಲ್ಲ," ಎಂದರು ಉಮೇಶ್ ಸರ್.

ಅರ್ಹತೆಯನ್ನು ನಿರ್ಧರಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಕುರ್ದರ ಮುಖ್ಯ ಲಕ್ಷಣವೆಂದರೆ ಪತ್ರವಿಲ್ಲದ ಬೆಟ್ಟ. ಆದ್ದರಿಂದ ಪತ್ರವಿಲ್ಲದ ಬೆಟ್ಟ ಯಾರಿಗೆ ಅತಿ ಹೆಚ್ಚು ಇದೆಯೋ ಅವರಿಗೆ ಆದ್ಯತೆ ಎಂದು ಮಂಡಳಿ ಗೊತ್ತುಮಾಡಿತು. ಹಿಂದಿನ ವರ್ಷ ಒಂದು ಪದ ಕೇಳಿ ನೀರು ಕುಡಿದಿದ್ದ ಜನ ಈಗ ಎದ್ದು ನಿಂತು ಎದೆಯುಬ್ಬಿಸಿ ಹೇಳತೊಡಗಿದರು.

"ಹಳ್ಳದ ಆಚೆಗಿರೋದು ಪೂರ್ತಿ ನಂದೇ. ಒಂದು ಚೂರು ದಾಖಲೆ ಇಲ್ಲ," ಎಂದರು ಪರಮೇಶ್ವರಪ್ಪನವರು.

"ನಿಮ್ಮದು ಹಳ್ಳದವರೆಗೆ ಮಾರಾಯ್ರೇ," ಎಂದರು ಜಯದೇವಪ್ಪನವರು. "ನಂದು ಗುಡ್ಡದ ನೆತ್ತಿ ದಾಟಿ ಆ ಕಡೆ ಇಳಿದಿದೆ. ಫಾರೆಸ್ಟ್‌ನವರು ಬಂದ್ರೆ ನಮ್ಮ ಮೇಸ್ತ್ರಿನೇ ದಾರಿ ತೋರಿಸ್ಬೇಕು, ಇಲ್ದಿದ್ರೆ ಕಳೆದುಹೋಗ್ತಾರೆ."

ಸಭೆ ಚಪ್ಪಾಳೆ ತಟ್ಟಿತು. ಹೀಗೆ ಆ ಸೀಮೆಯಲ್ಲಿ ಎಲ್ಲರಿಗಿಂತ ಹೆಚ್ಚು ಭೂಮಿಯಿದ್ದ ಮನೆತನ ನಾಡಿಲ್ಲದವರ ಪಟ್ಟವನ್ನು ಪಡೆದುಕೊಂಡಿತು. ಟರ್ಕಿ ಖಾಲಿ ಉಳಿಯಿತು. ಬೇರೆ ಯಾರಿಗೂ ಬೇಡವಾದ್ದರಿಂದ ಅದನ್ನು ಧನ್ಯಶ್ರೀಗೆ ಕೊಡಲಾಯಿತು.

"ಇನ್ನೊಂದು ವಿಷಯ," ಎಂದರು ಉಮೇಶ್ ಸರ್ ಬಾಗಿಲಲ್ಲಿ ರಜನಿಯನ್ನು ನಿಲ್ಲಿಸಿ. "ಹೋದ ವರ್ಷದ ಭಾಷಣ ಕಾಪಿ ನನ್ನ ಹತ್ರ ಇತ್ತಲ್ಲ, ಅದನ್ನ ದರ್ಶನ್‌ಗೆ ಕೊಟ್ಟಿದ್ದೀನಿ."

"ಅದು ನಾನು ಬರೆದದ್ದು ಸರ್."

"ನೀವು ಬರೆದದ್ದು ಹೌದು. ಆದ್ರೆ ಕುರ್ದರದ್ದಲ್ವಾ? ಈಗ ಕುರ್ದರು ಅವನು."

"ನನ್ನ ಪಾತ್ರೆ ಆದ್ರೂ ಹೋದ ಸಲ ಖಾಲಿ ಮಾಡಿ ವಾಪಸ್ ಕೊಟ್ರಿ," ಎಂದಳು ರಜನಿ. ಉಮೇಶ್ ಸರ್‌ಗೆ ನಿಜಕ್ಕೂ ಬೇಜಾರಾಯಿತು. ಬೇಜಾರು ಮಾಡಿಕೊಳ್ಳುವುದರಲ್ಲಿ ಅವರಿಗೆ ಒಳ್ಳೆಯ ಅಭ್ಯಾಸವಿತ್ತು.

ಮನೆಗೆ ಬಂದು ರಜನಿ ಬಹಳ ಯೋಚಿಸಿದಳು. ಕಡೆಗೆ, ಯಾರ ಬಾಯಲ್ಲಾದರೂ ಆಗಲಿ, ಆ ಮಾತು ಮೈಕಿನಲ್ಲಿ ಒಂದು ಸಲ ಕೇಳಿದರೆ ಸಾಕು ಅನ್ನಿಸಿತು. ದೋಸೆ ಹಾಕುತ್ತ ಮಗಳಿಗೆ ಹೇಳಿದಳು.

"ನೋಡು ಪುಟ್ಟಿ, ಅವನು ಕೈ ಎತ್ತಿದಾಗ ಟರ್ಕಿನ ಕೇಳ್ತಾರೆ. ನೀನು ದೊಡ್ಡ ಮನಸ್ಸು ಮಾಡಿ ಹೂಂ ಅನ್ನು. ಭಾಷಣ ನಮ್ಮದೇ ಅಲ್ವಾ."

"ಟರ್ಕಿಗೆ ಕುರ್ಚಿ ಇರ್ತದಾ ಅಮ್ಮಾ?"

"ಇರ್ತದೆ. ಮೈಕೂ ಇರ್ತದೆ. ಹೂಂ ಅಂತೀಯ ತಾನೆ?"

"ನೋಡ್ತೀನಿ," ಎಂದಳು ಧನ್ಯಶ್ರೀ. ಆ ಒಂದಕ್ಷರದ ಉತ್ತರವನ್ನು ಕೊಡಲು ಅವಳಿಗೆ ಅಷ್ಟು ಯೋಚನೆ ಯಾಕೆ ಬೇಕು ಎಂದು ರಜನಿಗೆ ಆಗ ಹೊಳೆಯಲಿಲ್ಲ.

ಸಮ್ಮೇಳನದ ದಿನ ದರ್ಶನ್ ದುಬಾರಿ ಬಟ್ಟೆಯಲ್ಲಿ ಹೊಲಿಸಿದ ಹರಿದ ಅಂಗಿ ಹಾಕಿಕೊಂಡು ಬಂದ. ಕುರ್ಚಿಯಿಲ್ಲದ ಮೂಲೆಗೆ ಅವನ ತಾಯಿ ಒಂದು ಜಮಖಾನ ಹಾಸಿಸಿದ್ದರು. ಪಕ್ಕದಲ್ಲಿ ಟೇಬಲ್ ಫ್ಯಾನು ಇತ್ತು. ಧನ್ಯಶ್ರೀ ಕಳೆದ ವರ್ಷದ್ದೇ ಲಂಗದಲ್ಲಿ, ಟರ್ಕಿ ಎಂಬ ನಾಮಫಲಕದ ಹಿಂದೆ, ಮೆತ್ತೆ ಹಾಕಿದ ಕುರ್ಚಿಯಲ್ಲಿ ಕುಳಿತಿದ್ದಳು. ಮೊದಲು ತುದಿಯಲ್ಲಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಪೂರ್ತಿ ಹಿಂದಕ್ಕೆ ಒರಗಿದಳು. ಆಮೇಲೆ ಒಂದು ಕೈಯನ್ನು ಕುರ್ಚಿಯ ಕೈ ಮೇಲಿಟ್ಟಳು. ಮಗಳು ಹಾಗೆ ಕೂರುವುದನ್ನು ರಜನಿ ಎಂದೂ ನೋಡಿರಲಿಲ್ಲ. ಜಯದೇವಪ್ಪನವರು ಹಾಗೆ ಕೂರುತ್ತಿದ್ದರು.

ದರ್ಶನ್ ಒಪ್ಪಿಗೆ ಕೇಳುವುದನ್ನು ಮರೆತು ನೇರವಾಗಿ ಎದ್ದು ನಿಂತ. ಅವನ ಮನೆಯಲ್ಲಿ ಯಾರೂ ಯಾವುದಕ್ಕೂ ಒಪ್ಪಿಗೆ ಕೇಳಿದ್ದನ್ನು ಅವನು ಕಂಡಿರಲಿಲ್ಲ. ಯಾರೋ ಅವನ ಕೈಗೆ ಮೈಕು ಕೊಟ್ಟರು.

"ಮಾನ್ಯರೇ, ಮೊದಲನೆಯದಾಗಿ ನಾವು ಇದ್ದೇವೆ."

ರಜನಿಯ ಕಣ್ಣು ತುಂಬಿ ಬಂತು. ಚೆನ್ನಾಗಿಯೇ ಹೇಳಿದ್ದ ಹುಡುಗ.

"ಇಲ್ಲ," ಎಂದಳು ಧನ್ಯಶ್ರೀ ತನ್ನ ಮೈಕಿನಲ್ಲಿ.

ಶಾಮಿಯಾನದ ತಲೆಗಳೆಲ್ಲ ಟರ್ಕಿಯ ಕಡೆ ತಿರುಗಿದವು.

"ನಮ್ಮ ಲೆಕ್ಕದಲ್ಲಿ ಇವರು ಇಲ್ಲ. ಇರೋರು ಬೆಟ್ಟದ ಟರ್ಕಿಯವರು. ನಿಂತವರಿಗೆ ಮೈಕು ಇಲ್ಲ ಅಂತ ನಿಯಮ ಇದೆ. ಟರ್ಕಿ ಒಪ್ಪಿಗೆ ಕೊಡುವುದಿಲ್ಲ."

ಜಯದೇವಪ್ಪನವರು ವೇದಿಕೆಯಿಂದಲೇ, "ಅದು ಹೋದ ವರ್ಷದ ನಿಯಮ, ತೆಗೆದುಹಾಕಿದ್ರಾಯ್ತು," ಎಂದರು. ತೆಗೆದುಹಾಕಲು ನಾಲ್ಕೂ ನೆರೆದೇಶಗಳು ಒಪ್ಪಬೇಕೆಂದು ಉಮೇಶ್ ಸರ್ ನೆನಪಿಸಿದರು. ಪರಮೇಶ್ವರಪ್ಪನವರ ಮಗ ಈ ವರ್ಷವೂ ಇರಾನೇ ಆಗಿದ್ದ. ಅವನು ಅಪ್ಪನ ಮುಖ ನೋಡಿದ. ಅಪ್ಪನಿಗೆ ಗುಡ್ಡದ ನೆತ್ತಿಯ ನೆನಪಾಯಿತು. ಇರಾನು ಒಪ್ಪಲಿಲ್ಲ. ಇರಾಕು, ಸಿರಿಯಾಗಳ ಮನೆಯವರಿಗೂ ಜಯದೇವಪ್ಪನವರ ಬೇಲಿಯ ಅನುಭವವಿತ್ತು. ಇತಿಹಾಸದಲ್ಲಿ ಬಹಳ ಸಲ ಆದ ಹಾಗೆ ನಾಲ್ಕೂ ದೇಶಗಳು ಒಂದಾದವು. ದರ್ಶನ್‌ನ ಕೈಯಿಂದ ಮೈಕನ್ನು ಮೆಲ್ಲಗೆ ತೆಗೆದುಕೊಳ್ಳಲಾಯಿತು. ಅವನು ಜಮಖಾನದ ಮೇಲೆ ಕುಳಿತು ಫ್ಯಾನಿನ ಕಡೆ ಮುಖ ಮಾಡಿದ.

ಸಮ್ಮೇಳನ ಹಿಂದೆಂದಿಗಿಂತ ಚೆನ್ನಾಗಿ ನಡೆಯಿತೆಂದು ಎಲ್ಲರೂ ಹೇಳಿದರು. ಟರ್ಕಿಗೆ ಸ್ಟೀಲ್ ಡಬ್ಬಿ ಬಂತು. ಶೀಲ್ಡು ದರ್ಶನ್‌ಗೆ ಬಂತು, ಬೀರುವಿಗೆ ಹೋಯಿತು. ಅವನು ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದ. ಅಲ್ಲಿಯೂ ಇದೇ ನಿಯಮಗಳನ್ನು ಪಾಲಿಸುತ್ತಾರೆಂದು ತಿಳಿದುಬಂದಿದೆ. ಜಯದೇವಪ್ಪನವರೇ ಧನ್ಯಶ್ರೀಯ ತಲೆ ಸವರಿ, "ನಿಮ್ಮ ಮಗಳು ಮುಂದೆ ಬರ್ತಾಳೆ ಕಣಮ್ಮಾ, ನಿಯಮ ಅಂದ್ರೆ ಏನು ಅಂತ ಗೊತ್ತಿದೆ ಅವಳಿಗೆ," ಎಂದು ರಜನಿಗೆ ಹೇಳಿದರು.

ತಾಯಿ ಮಗಳು ಅಂಗಡಿಯ ಕಡೆ ನಡೆದರು. ರಸ್ತೆ ಬದಿಯ ಕಾಫಿ ಗಿಡಗಳಲ್ಲಿ ಮೊಗ್ಗು ಮಳೆಗಾಗಿ ಕಾಯುತ್ತಿತ್ತು.

"ಒಂದು ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದಳು ರಜನಿ.

"ಕುರ್ಚಿ ಮೇಲೆ ಕೂತಾಗ ಹೂಂ ಅನ್ನಲಿಕ್ಕೆ ಬರೋದಿಲ್ಲ ಅಮ್ಮಾ," ಎಂದಳು ಧನ್ಯಶ್ರೀ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಹಾಕಿ ನೋಡುತ್ತ.

"ಮುಂದಿನ ವರ್ಷ ಯಾವುದು ಕೇಳ್ತೀಯಾ?"

"ಟರ್ಕಿನೇ."

"ಆ ಭಾಷಣ ನಿನಗೆ ಇನ್ನೂ ಬಾಯಿಗೆ ಬರ್ತದೇನೇ?"

ಧನ್ಯಶ್ರೀ ಒಂದು ಕ್ಷಣ ಯೋಚಿಸಿದಳು.

"ಯಾವ ಭಾಷಣ?" ಎಂದಳು.

ರಜನಿ ಮಗಳ ಮುಖ ನೋಡಿದಳು. ಆಮೇಲೆ ಡಬ್ಬಿಯನ್ನು ಕೈಗೆ ತೆಗೆದುಕೊಂಡು, ಗಟ್ಟಿಯಾಗಿದೆಯೇ ಎಂದು ಬೆರಳಿನಿಂದ ತಟ್ಟಿ ನೋಡಿದಳು. ಗಟ್ಟಿಯಾಗಿಯೇ ಇತ್ತು. ಅಕ್ಕಿ ಹಿಟ್ಟು ಹಾಕಿಡಲು ಆಗುತ್ತದೆ ಎಂದುಕೊಂಡಳು.

ಆ ವಾರವೇ ಹೂಮಳೆ ಬಿತ್ತು. ವಿಶ್ವಶಾಂತಿ ಸಕಾಲಕ್ಕೆ ಮುಗಿದದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.